4ಕೆ, 120 ಫ್ರೇಮ್, ರೇ ಟ್ರೇಸಿಂಗ್: ಮೂರೂ ಒಟ್ಟಿಗೆ ಕೊಡುವ ಡಬ್ಬಿ ಯಾವ ಅಂಗಡಿಯಲ್ಲಿದೆ?

ಸಂಪಾದಕರಿಗೆ,

ಮಾನ್ಯರೆ,

ದಸರೆ ಹತ್ತಿರ ಬಂತೆಂದರೆ ಪತ್ರಿಕೆಯ ಹುಬ್ಬಳ್ಳಿ–ಧಾರವಾಡ ಪುಟಗಳಲ್ಲಿ ಟಿವಿ ಮತ್ತು ಗೇಮ್ ಕನ್ಸೋಲ್‌ಗಳ ಜಾಹೀರಾತು ಶುರುವಾಗುತ್ತವೆ. ದೀಪಾವಳಿ ಪಾಡ್ಯ ಮುಗಿಯುವವರೆಗೆ ಅವು ನಿಲ್ಲುವುದಿಲ್ಲ. ಎಲ್ಲದರಲ್ಲೂ ಒಂದೇ ಸಾಲು: ‘4ಕೆ, 120 ಎಫ್‌ಪಿಎಸ್, ರೇ ಟ್ರೇಸಿಂಗ್’. 4ಕೆ ಎಂದರೆ ಚಿತ್ರದ ಸೂಕ್ಷ್ಮತೆ, ಎಫ್‌ಪಿಎಸ್ ಎಂದರೆ ಸೆಕೆಂಡಿಗೆ ತೋರಿಸುವ ಚಿತ್ರಗಳ (ಫ್ರೇಮ್‌ಗಳ) ಸಂಖ್ಯೆ, ರೇ ಟ್ರೇಸಿಂಗ್ ಎಂದರೆ ಬೆಳಕಿನ ಕಿರಣಗಳ ದಾರಿ ಲೆಕ್ಕ ಹಾಕಿ ನೆರಳು, ಪ್ರತಿಬಿಂಬ ಬರೆಯುವುದು. ಕೊಪ್ಪೀಕರ ರಸ್ತೆಯಲ್ಲಾಗಲಿ ಧಾರವಾಡದ ಸುಭಾಸ ರಸ್ತೆಯಲ್ಲಾಗಲಿ, ಗಿರಾಕಿ “ಅಣ್ಣಾರ, ಇದರಾಗ 4ಕೆ ಬರ್ತೈತಿಲ್ರಿ?” ಎಂದು ಕೇಳಿದರೆ “ಬರ್ತೈತ್ರಿ, 120ನೂ ಬರ್ತೈತಿ” ಎಂಬ ಉತ್ತರ ಸಿಗುತ್ತದೆ. ಅಂಗಡಿಯವರು ಹೇಳಿದ್ದು ಸುಳ್ಳಲ್ಲ. 4ಕೆ ಬರುತ್ತದೆ, 120 ಬರುತ್ತದೆ, ರೇ ಟ್ರೇಸಿಂಗೂ ಬರುತ್ತದೆ. ಆದರೆ ಜಾಹೀರಾತಿನ ಆ ಸಾಲಿನಲ್ಲಿ ಅಲ್ಪವಿರಾಮ ಇರುವ ಕಡೆಯಲ್ಲೆಲ್ಲ ‘ಅಥವಾ’ ಎಂಬ ಪದ ಇರಬೇಕಿತ್ತು. ಅರ್ಧ ಲಕ್ಷದ ಆಸುಪಾಸಿನ ಯಂತ್ರವನ್ನು ಮಕ್ಕಳಿಗೆ ಕೊಡಿಸುವ ಮನೆಯವರಿಗೆ ಆ ಪದದ ಲೆಕ್ಕ ತಿಳಿದಿರಲಿ ಎಂದು ಈ ಪತ್ರ. ಉದ್ದವಾಗಿದೆ, ಅಗತ್ಯವಿದ್ದಲ್ಲಿ ಕತ್ತರಿಸಿಕೊಳ್ಳಿ.

ಲೆಕ್ಕ ಶುರುವಾಗುವುದು ಸಮಯದಿಂದ. ಸೆಕೆಂಡಿಗೆ 30 ಚಿತ್ರ ತೋರಿಸಬೇಕಾದರೆ ಒಂದು ಚಿತ್ರ, ಅಂದರೆ ಒಂದು ಫ್ರೇಮ್, ಬರೆಯಲು ಕನ್ಸೋಲಿಗೆ ಸಿಗುವುದು 33.3 ಮಿಲಿಸೆಕೆಂಡ್. 60 ಚಿತ್ರಕ್ಕೆ 16.7, 120ಕ್ಕೆ 8.3. ಆಟಗಾರ ಒತ್ತಿದ ಗುಂಡಿ ಯಾವುದೆಂದು ನೋಡುವುದು, ಎದುರಾಳಿಯ ನಡೆ ಲೆಕ್ಕ ಹಾಕುವುದು, ನೆರಳು, ಬೆಳಕು, ಹೊಗೆ, ನೀರಿನ ಮೇಲಿನ ಪ್ರತಿಬಿಂಬ ಎಲ್ಲವನ್ನೂ ಬರೆಯುವುದು, ಇಷ್ಟೂ ಆ ಅವಧಿಯೊಳಗೆ ಮುಗಿಯಬೇಕು. ಖಾನಾವಳಿಯಲ್ಲಿ ರೊಟ್ಟಿ ಬಡಿಯುವವರನ್ನು ನೋಡಿದವರಿಗೆ ಇದು ಹೊಸದಲ್ಲ. ಹಂಚು ಒಂದೇ, ಕೈ ಎರಡೇ. ಊಟಕ್ಕೆ ಕೂತವರು ಹೆಚ್ಚಾದರೆ ರೊಟ್ಟಿಯ ಅಗಲ ಕಡಿಮೆಯಾಗುತ್ತದೆ, ಇಲ್ಲವೇ ಎಳ್ಳು ಹಚ್ಚುವುದು ನಿಲ್ಲುತ್ತದೆ. ಎರಡೂ ಬೇಡವೆಂದರೆ ತಾಟಿನ ಮುಂದೆ ಕೂತವರು ಕಾಯಬೇಕು. ರೊಟ್ಟಿಯ ಅಗಲ ರೆಸಲ್ಯೂಷನ್ (ಚಿತ್ರದಲ್ಲಿರುವ ಚುಕ್ಕಿಗಳ ಸಂಖ್ಯೆ), ಎಳ್ಳು ಎಫೆಕ್ಟ್ (ನೆರಳು, ಹೊಗೆ, ಪ್ರತಿಬಿಂಬದಂಥ ಅಲಂಕಾರ), ತಾಟಿಗೆ ರೊಟ್ಟಿ ಬೀಳುವ ವೇಗ ಫ್ರೇಮ್ ರೇಟ್.

ಈಗ ಅಗಲದ ಲೆಕ್ಕ. 1080ಪಿ ಎಂದರೆ ಒಂದು ಫ್ರೇಮಿನಲ್ಲಿ 1920 ಗುಣಿಸು 1080, ಸುಮಾರು 20.7 ಲಕ್ಷ ಚುಕ್ಕಿ. 1440ಪಿ ಎಂದರೆ 36.9 ಲಕ್ಷ. 4ಕೆ ಎಂದರೆ 82.9 ಲಕ್ಷ, ಸರಿಯಾಗಿ 1080ಪಿಯ ನಾಲ್ಕು ಪಟ್ಟು. ಪಿಎಸ್4, ಅಂದರೆ ಸೋನಿಯ ಪ್ಲೇಸ್ಟೇಷನ್ 4 ಕನ್ಸೋಲ್ ಕಾಲದ ಬಹುಪಾಲು ದೊಡ್ಡ ಆಟಗಳು 1080ಪಿಯಲ್ಲಿ 30 ಫ್ರೇಮ್ ಓಡುತ್ತಿದ್ದವು: ಸೆಕೆಂಡಿಗೆ 6.2 ಕೋಟಿ ಚುಕ್ಕಿ. ಅದೇ ಆಟವನ್ನು, ಒಂದು ಹುಲ್ಲುಕಡ್ಡಿಯೂ ಹೆಚ್ಚಿಸದೆ, 4ಕೆ 60ಕ್ಕೆ ಒಯ್ಯಬೇಕಾದರೆ ಸುಮಾರು 50 ಕೋಟಿ ಚುಕ್ಕಿ ಬೇಕು, ಅಂದರೆ ಎಂಟು ಪಟ್ಟು. 4ಕೆ 120ಕ್ಕೆ ಹದಿನಾರು ಪಟ್ಟು. 2013ರ ಪಿಎಸ್4ನ ಗ್ರಾಫಿಕ್ಸ್ ಚಿಪ್ಪಿನ ಶಕ್ತಿ 1.84 ಟೆರಾಫ್ಲಾಪ್ (ಒಂದು ಟೆರಾಫ್ಲಾಪ್ ಎಂದರೆ ಸೆಕೆಂಡಿಗೆ ಒಂದು ಲಕ್ಷ ಕೋಟಿ ಲೆಕ್ಕ), 2020ರ ಪಿಎಸ್5ದು 10.28, ಮೈಕ್ರೋಸಾಫ್ಟಿನ ಎಕ್ಸ್‌ಬಾಕ್ಸ್ ಸೀರೀಸ್ ಎಕ್ಸ್‌ದು 12. ಐದೂವರೆ ಪಟ್ಟು, ಆರೂವರೆ ಪಟ್ಟು. ಹೊಸ ಚಿಪ್ಪಿನ ಒಂದು ಟೆರಾಫ್ಲಾಪ್ ಹಳೆಯದಕ್ಕಿಂತ ಹೆಚ್ಚು ಕೆಲಸ ಮಾಡುತ್ತದೆ ನಿಜ, ಆದ್ದರಿಂದ ಹಳೆಯ ಆಟವನ್ನು 4ಕೆ 60ಕ್ಕೆ ಹೇಗೋ ಮುಟ್ಟಿಸಬಹುದು. ಆದರೆ ಹೊಸ ಆಟದಲ್ಲಿ ಹೊಸ ಬೆಳಕು, ಹೊಸ ನೆರಳು, ದಟ್ಟ ಊರು, ದಟ್ಟ ಕಾಡು ಬೇಕಲ್ಲ? ಅದಕ್ಕೆ ಶಕ್ತಿ ಉಳಿಯುವುದೆಲ್ಲಿಂದ? ಪಿಎಸ್5ರ ಡಬ್ಬಿಯ ಮೇಲೆ ಮೊದಮೊದಲು ‘8ಕೆ’ ಎಂದೂ ಅಚ್ಚಾಗಿತ್ತು. 8ಕೆ ಎಂದರೆ 4ಕೆಯ ಮತ್ತೆ ನಾಲ್ಕು ಪಟ್ಟು. 2024ರಲ್ಲಿ ಆ ಅಕ್ಷರ ಸದ್ದಿಲ್ಲದೆ ಡಬ್ಬಿಯಿಂದ ಇಳಿಯಿತು.

ಎಫೆಕ್ಟ್‌ಗಳ ಪೈಕಿ ಯಾವುದು ಎಷ್ಟು ತಿನ್ನುತ್ತದೆ ಎಂಬುದು ಗೊತ್ತಿದ್ದರೆ ಆಟದ ಮೆನುವಿನಲ್ಲಿ ಕಾಣುವ ‘ಕ್ವಾಲಿಟಿ’ (ಚಿತ್ರ ಚೆಂದ, ಫ್ರೇಮ್ ಕಡಿಮೆ) ಮತ್ತು ‘ಪರ್ಫಾರ್ಮೆನ್ಸ್’ (ಫ್ರೇಮ್ ಹೆಚ್ಚು, ಚಿತ್ರ ಸರಳ) ಎಂಬ ಎರಡು ಸಾಲು ಅರ್ಥವಾಗುತ್ತವೆ. ಎಲ್ಲಕ್ಕಿಂತ ಹೊಟ್ಟೆಬಾಕ ರೇ ಟ್ರೇಸಿಂಗ್. ಒಂದು ಚುಕ್ಕಿಗೆ ಒಂದೇ ಕಿರಣ ಬಿಟ್ಟರೂ 4ಕೆ ಫ್ರೇಮಿಗೆ 83 ಲಕ್ಷ ಕಿರಣ. ಆಟದ ದೃಶ್ಯವೆಲ್ಲ ಸಣ್ಣ ಸಣ್ಣ ತ್ರಿಕೋನಗಳಿಂದ ಕಟ್ಟಿದ್ದು; ಪ್ರತಿ ಕಿರಣವೂ ಯಾವ ತ್ರಿಕೋನಕ್ಕೆ ಬಡಿಯಿತೆಂದು ಹುಡುಕಬೇಕು, ಬಡಿದ ಜಾಗದ ಬಣ್ಣ ತೆಗೆಯಬೇಕು. ಒಂದು ಕಿರಣದಿಂದ ಬರುವ ಚಿತ್ರ ಮರಳು ಚೆಲ್ಲಿದಂತೆ ಇರುತ್ತದೆ, ಅದನ್ನು ನುಣುಪು ಮಾಡುವುದು ಇನ್ನೊಂದು ಖರ್ಚು. ಇದಕ್ಕೆಂದೇ ಕನ್ಸೋಲ್ ಆಟಗಳಲ್ಲಿ ಪ್ರತಿಬಿಂಬವನ್ನು ಅರ್ಧ ರೆಸಲ್ಯೂಷನ್ನಿನಲ್ಲಿ ಬರೆಯುವುದು, ಗಾಜು ಮತ್ತು ಕೆಸರು ನೀರಿಗೆ ಮಾತ್ರ ಕಿರಣ ಬಿಡುವುದು, ಪ್ರತಿಬಿಂಬದಲ್ಲಿ ದೂರದ ಮರ-ಜನರನ್ನು ಕೈಬಿಡುವುದು ಸಾಮಾನ್ಯ. 2020ರ ಡಿಸೆಂಬರಿನಲ್ಲಿ ‘ಸ್ಪೈಡರ್‌ಮ್ಯಾನ್: ಮೈಲ್ಸ್ ಮೊರಾಲೆಸ್’ ಆಟಕ್ಕೆ ರೇ ಟ್ರೇಸಿಂಗ್ ಸಹಿತ 60 ಫ್ರೇಮಿನ ಮೋಡ್ ಕೊಟ್ಟಾಗ ತಯಾರಕರು ಏನು ಕಳೆದೆವೆಂದು ಬಿಚ್ಚಿ ಹೇಳಿದ್ದರು: ರೆಸಲ್ಯೂಷನ್, ಪ್ರತಿಬಿಂಬದ ಗುಣಮಟ್ಟ, ಮತ್ತು ಬೀದಿಯಲ್ಲಿ ಓಡಾಡುವ ಜನರ ಸಂಖ್ಯೆ. ಇಂಥ ಪ್ರಾಮಾಣಿಕ ಪಟ್ಟಿ ಎಲ್ಲ ಆಟದ ಜೊತೆಗೂ ಬಂದರೆ ಈ ಪತ್ರವೇ ಬೇಕಿರಲಿಲ್ಲ.

ಕಿರಣವಿಲ್ಲದ ಹಳೆಯ ಉಪಾಯಕ್ಕೆ ಸ್ಕ್ರೀನ್ ಸ್ಪೇಸ್ ಪ್ರತಿಬಿಂಬ ಎನ್ನುತ್ತಾರೆ. ಪರದೆಯ ಮೇಲೆ ಈಗಾಗಲೇ ಬರೆದಿರುವುದನ್ನೇ ತಿರುಗಿಸಿ ನೀರಿನ ಮೇಲೆ ಅಂಟಿಸುವುದು. ಅಗ್ಗ, ಆದರೆ ಕ್ಯಾಮೆರಾ ಕೆಳಗೆ ಬಾಗಿಸಿ ಆಕಾಶ ಪರದೆಯಿಂದ ಆಚೆ ಹೋದೊಡನೆ ನೀರಿನಲ್ಲಿದ್ದ ಆಕಾಶವೂ ಮಾಯ. ಕೆರೆಯಂಚಿನಲ್ಲಿ ನಿಂತು ಆಡುವಾಗ ಇದು ಕಣ್ಣಿಗೆ ಚುಚ್ಚುತ್ತದೆ; ಓಡುವಾಗ, ಗುಂಡು ಹಾರಿಸುವಾಗ ಯಾರೂ ಗಮನಿಸುವುದಿಲ್ಲ.

ನೆರಳಿನ ಖರ್ಚು ಬೇರೆ ತರಹ. ಬೆಳಕಿನ ಕಡೆಯಿಂದ ದೃಶ್ಯವನ್ನು ಇನ್ನೊಮ್ಮೆ ಬರೆದು ನೆರಳಿನ ನಕಾಶೆ ಮಾಡಬೇಕು. ಆ ನಕಾಶೆ ಸಣ್ಣದಾದರೆ ನೆರಳಿನ ಅಂಚು ಹಲ್ಲುಹಲ್ಲಾಗುತ್ತದೆ. ದೂರದವರೆಗೆ ಹಾಸದಿದ್ದರೆ ನಡೆಯುತ್ತ ಹೋದಂತೆ ಹತ್ತು ಮಾರು ಮುಂದೆ ನೆರಳು ಥಟ್ಟನೆ ಹುಟ್ಟಿಕೊಳ್ಳುತ್ತದೆ. ಹೊಗೆ, ಧೂಳು, ಬೆಂಕಿಯದು ಇನ್ನೊಂದು ಕಥೆ. ಪಾರದರ್ಶಕ ಪದರಗಳು ಒಂದರ ಮೇಲೊಂದು, ಪ್ರತಿ ಪದರಕ್ಕೂ ಅದೇ ಚುಕ್ಕಿಯನ್ನು ಮತ್ತೆ ಬರೆಯಬೇಕು. ಪರದೆ ತುಂಬ ಸ್ಫೋಟವಾದಾಗ ಆಟ ಎಳೆದಾಡುವುದು ಇದಕ್ಕೇ. ಆದ್ದರಿಂದ ಆಟ ಪರೀಕ್ಷಿಸುವವರು ಖಾಲಿ ಬಯಲಿನಲ್ಲಿ ನಿಂತು ‘60 ಬರ್ತೈತಿ’ ಎಂದರೆ ನಂಬಬೇಡಿ, ಹೊಗೆಯೊಳಗೆ ಹೋಗಿ ನೋಡಬೇಕು. ಟೆಕ್ಸ್‌ಚರ್, ಅಂದರೆ ಗೋಡೆ-ಬಟ್ಟೆ-ಕಲ್ಲಿನ ಮೇಲ್ಮೈ ಚಿತ್ರ, ತಿನ್ನುವುದು ಮುಖ್ಯವಾಗಿ ಮೆಮೊರಿಯನ್ನು. ಸಮಯವನ್ನು ಅಷ್ಟಾಗಿ ಅಲ್ಲ. ಹಾಗಾಗಿ ಪಿಎಸ್5ನಲ್ಲಿ ಎರಡೂ ಮೋಡಿನಲ್ಲಿ ಕಲ್ಲಿನ ಗೋಡೆ ಬಹುತೇಕ ಒಂದೇ ತರಹ ಕಾಣುತ್ತದೆ. ಪಿಎಸ್5 ಮತ್ತು ಸೀರೀಸ್ ಎಕ್ಸ್‌ಗೆ 16 ಜಿಬಿ ಮೆಮೊರಿ ಇದೆ, ಅಗ್ಗದ ಸೀರೀಸ್ ಎಸ್‌ಗೆ 10 ಮಾತ್ರ, ಗ್ರಾಫಿಕ್ಸ್ ಶಕ್ತಿ 4 ಟೆರಾಫ್ಲಾಪ್. ಅಲ್ಲಿ ಗೋಡೆಯೂ ಮಸುಕಾಗುತ್ತದೆ.

ರೆಸಲ್ಯೂಷನ್ ಇಳಿಸಿದರೆ ಫ್ರೇಮ್ ಏರಲೇಬೇಕೆಂದು ಬಹಳ ಜನ ತಿಳಿದಿದ್ದಾರೆ. ಏರುವುದು ಗ್ರಾಫಿಕ್ಸ್ ಚಿಪ್ಪು ತಡವಾಗುತ್ತಿದ್ದರೆ ಮಾತ್ರ. ತಡವಾಗುತ್ತಿರುವುದು ಸಿಪಿಯು, ಅಂದರೆ ಆಟದ ನಡೆಗಳ ಲೆಕ್ಕ ಹಾಕುವ ಮುಖ್ಯ ಚಿಪ್ಪು, ಆಗಿದ್ದರೆ 4ಕೆಯಿಂದ 720ಪಿಗೆ ಇಳಿದರೂ ಒಂದು ಫ್ರೇಮೂ ಹೆಚ್ಚುವುದಿಲ್ಲ. ರೊಟ್ಟಿ ಸಣ್ಣದಾದರೇನು, ಹಿಟ್ಟು ನಾದುವವರೇ ಹಿಂದೆ ಬಿದ್ದಿದ್ದಾರೆ. 2016ರ ಪಿಎಸ್4 ಪ್ರೊ ಇದರ ಒಳ್ಳೆಯ ಉದಾಹರಣೆ. ಅದರ ಗ್ರಾಫಿಕ್ಸ್ 1.84ರಿಂದ 4.2 ಟೆರಾಫ್ಲಾಪಿಗೆ ಹೋಯಿತು, ಎರಡು ಪಟ್ಟಿಗೂ ಮಿಗಿಲು. ಸಿಪಿಯು ಮಾತ್ರ ಅದೇ ಹಳೆಯ ಜಾಗ್ವಾರ್, 1.6ರಿಂದ 2.13 ಗಿಗಾಹರ್ಟ್ಸ್, ಮೂರನೇ ಒಂದು ಭಾಗ ಹೆಚ್ಚಳ. 30 ಫ್ರೇಮಿನ ಆಟ 60 ಆಗಲು ಸಿಪಿಯು ಕೆಲಸವೂ ಅರ್ಧ ಸಮಯದಲ್ಲಿ ಮುಗಿಯಬೇಕಲ್ಲ? ಆಗಲಿಲ್ಲ. ಹೆಚ್ಚಿನ ಶಕ್ತಿಯೆಲ್ಲ ರೆಸಲ್ಯೂಷನ್ನಿಗೆ ಹೋಯಿತು. ‘ಗಾಡ್ ಆಫ್ ವಾರ್’ 2018ರಲ್ಲಿ ಪ್ರೊ ಮೇಲೆ ಪರ್ಫಾರ್ಮೆನ್ಸ್ ಆಯ್ಕೆ ಕೊಟ್ಟರೂ 60 ಸ್ಥಿರವಾಗಿ ನಿಲ್ಲುತ್ತಿರಲಿಲ್ಲ. ಅದೇ ಆಟ 2021ರ ಅಪ್‌ಡೇಟ್ ಬಳಿಕ ಪಿಎಸ್5ನ 3.5 ಗಿಗಾಹರ್ಟ್ಸ್ ಝೆನ್ 2 ಸಿಪಿಯು ಮೇಲೆ 60ರಲ್ಲಿ ಓಡಿತು. 2024ರ ಪಿಎಸ್5 ಪ್ರೊ ಕೂಡ ಇದೇ ದಾರಿ ಹಿಡಿದಿದೆ: ಗ್ರಾಫಿಕ್ಸ್ ಬಲವಾಗಿದೆ, ಸಿಪಿಯು ಹೆಚ್ಚುಕಡಿಮೆ ಅದೇ. ಊರುಗಟ್ಟಲೆ ಜನರನ್ನು, ನೂರಾರು ವಸ್ತುಗಳನ್ನು ನೆನಪಿಟ್ಟುಕೊಳ್ಳುವ ಆಟಗಳು 30ಕ್ಕೇ ನಿಲ್ಲುವುದಕ್ಕೆ ಇದು ಒಂದು ಕಾರಣ. ‘ಸ್ಟಾರ್‌ಫೀಲ್ಡ್’ 2023ರಲ್ಲಿ ಸೀರೀಸ್ ಎಕ್ಸ್ ಮೇಲೂ 30 ಫ್ರೇಮಿಗೆ ಕಟ್ಟಿಹಾಕಿಕೊಂಡೇ ಬಂತು. 60ರ ಆಯ್ಕೆ ಬಂದದ್ದು 2024ರ ಮೇ ತಿಂಗಳಲ್ಲಿ.

ಇನ್ನು, ಸರಾಸರಿ ಎಂಬ ಮೋಸ. ಸಾಮಾನ್ಯ ಟಿವಿ ಸೆಕೆಂಡಿಗೆ 60 ಸಲ, ಪ್ರತಿ 16.7 ಮಿಲಿಸೆಕೆಂಡಿಗೊಮ್ಮೆ ಪರದೆ ಬದಲಿಸುತ್ತದೆ. ಫ್ರೇಮ್ 17.5ಕ್ಕೆ ತಯಾರಾದರೆ? ಚಿಗರಿ ಬಸ್ಸು ಬಾಗಿಲು ಹಾಕಿ ಹೊರಟ ಮೇಲೆ ನಿಲ್ದಾಣಕ್ಕೆ ಬಂದ ಹಾಗೆ; ಒಂದು ನಿಮಿಷ ತಡವಾಗಿದ್ದರೂ ಮುಂದಿನ ಬಸ್ಸಿಗೇ ಕಾಯಬೇಕು. ಹಳೆಯ ಫ್ರೇಮೇ ಇನ್ನೊಮ್ಮೆ ನಿಲ್ಲುತ್ತದೆ, ಒಟ್ಟು 33.3 ಮಿಲಿಸೆಕೆಂಡ್. ಕಾಯದೆ ನಡುವೆಯೇ ಹತ್ತಿಸಿದರೆ ಚಿತ್ರ ಅಡ್ಡಲಾಗಿ ಹರಿದಂತೆ ಕಾಣುತ್ತದೆ, ಮೇಲರ್ಧ ಹಳೆಯದು, ಕೆಳಗರ್ಧ ಹೊಸದು. ಹೀಗೆ ಒಂದು 16.7, ಮುಂದಿನದು 33.3, ಮತ್ತೆ 16.7 ಎಂದು ಕುಂಟುತ್ತ ಓಡುವ ‘ಸರಾಸರಿ 45’ಕ್ಕಿಂತ ಪ್ರತಿ ಫ್ರೇಮೂ ಸರಿಯಾಗಿ 33.3ಕ್ಕೆ ಬೀಳುವ 30 ಕಣ್ಣಿಗೆ ಹಿತ. 30 ಕೂಡ ಕುಂಟಬಹುದು: 2015ರ ‘ಬ್ಲಡ್‌ಬೋರ್ನ್’ ಲೆಕ್ಕಕ್ಕೆ 30 ಫ್ರೇಮಿನ ಆಟ, ಆದರೆ ಫ್ರೇಮ್‌ಗಳ ನಡುವಿನ ಅಂತರ ಏರುಪೇರಾಗಿ ಕ್ಯಾಮೆರಾ ತಿರುಗಿಸಿದಾಗಲೆಲ್ಲ ಜೋಲಿ ಹೊಡೆದಂತಾಗುತ್ತದೆ.

ಇಲ್ಲೇ 40 ಫ್ರೇಮಿನ ಮೋಡಿನ ಜಾಣತನ ಇರುವುದು. 30ಕ್ಕೂ 60ಕ್ಕೂ ನಡುವಿನದು 45 ಎಂದು ಅನಿಸುತ್ತದೆ, ಆದರೆ ಸಮಯದಲ್ಲಿ ಅಳೆದರೆ 33.3 ಮತ್ತು 16.7ರ ನಟ್ಟನಡುವೆ ಬರುವುದು 25 ಮಿಲಿಸೆಕೆಂಡ್, ಅಂದರೆ 40 ಫ್ರೇಮ್. ಹತ್ತೇ ಫ್ರೇಮ್ ಹೆಚ್ಚಾದರೂ ಸಿಗುವ ಲಾಭ 60ಕ್ಕೆ ಹೋಗುವ ದಾರಿಯ ಅರ್ಧ. ಸೆಕೆಂಡಿಗೆ 60 ಸಲ ಪರದೆ ಬದಲಿಸುವ 60 ಹರ್ಟ್ಸ್ ಟಿವಿಯಲ್ಲಿ 40 ಸಮನಾಗಿ ಕೂರುವುದಿಲ್ಲ. 120 ಹರ್ಟ್ಸ್ ಟಿವಿಯಲ್ಲಿ ಪ್ರತಿ ಫ್ರೇಮೂ ಮೂರು ಸಲ ನಿಂತು ಸರಿಹೊಂದುತ್ತದೆ. 2021ರಲ್ಲಿ ‘ರ‍್ಯಾಚೆಟ್ ಅಂಡ್ ಕ್ಲ್ಯಾಂಕ್: ರಿಫ್ಟ್ ಅಪಾರ್ಟ್’ ಈ ಮೋಡನ್ನು ಅಪ್‌ಡೇಟ್ ಮೂಲಕ ಕೊಟ್ಟಿತು, ಆಮೇಲೆ ಬೇರೆಯವರೂ ಅನುಸರಿಸಿದರು. 120 ಹರ್ಟ್ಸ್ ಟಿವಿ ಕೊಳ್ಳಲು ಅತ್ಯುತ್ತಮ ಕಾರಣ 120 ಫ್ರೇಮ್ ಅಲ್ಲ, ಈ 40 ಫ್ರೇಮ್ ಎಂದರೆ ಅಂಗಡಿಯವರು ನಕ್ಕಾರು. ಆದರೂ ಅದೇ ನಿಜ. ಫ್ರೇಮ್ ಬಂದಾಗಲೇ ಟಿವಿ ಪರದೆ ಬದಲಿಸುವ ವಿಆರ್‌ಆರ್ ಸೌಲಭ್ಯ ಪಿಎಸ್5ಗೆ 2022ರ ಏಪ್ರಿಲಿನಲ್ಲಿ ಬಂತು. ಅದು ಕೆಲಸ ಮಾಡುವುದು 48ರಿಂದ 120 ಹರ್ಟ್ಸ್ ನಡುವೆ. 60ರ ಆಟ ಆಗಾಗ 52ಕ್ಕೆ ಜಾರಿದರೆ ಮುಚ್ಚಿಕೊಳ್ಳುತ್ತದೆ. 42ಕ್ಕೆ ಜಾರಿದರೆ ಹಳೆಯ ಕುಂಟಾಟವೇ.

ಸಿನಿಮಾ 24 ಫ್ರೇಮಿನಲ್ಲಿ ಚೆನ್ನಾಗಿರುವಾಗ ಆಟಕ್ಕೇಕೆ 60 ಎಂದು ಕೇಳುವವರಿದ್ದಾರೆ. ಸಿನಿಮಾ ನೋಡುವವರು ಗುಂಡಿ ಒತ್ತುವುದಿಲ್ಲ. ಗುಂಡಿ ಒತ್ತಿದ್ದು ಪರದೆಗೆ ಬರಲು ಮೂರು ಫ್ರೇಮ್ ಹಿಡಿಯುತ್ತದೆ ಎಂದಿಟ್ಟುಕೊಳ್ಳಿ: 30ರಲ್ಲಿ 100 ಮಿಲಿಸೆಕೆಂಡ್, 60ರಲ್ಲಿ 50. ಕ್ರಿಕೆಟ್ ಆಟದಲ್ಲಿ ವೇಗದ ಚೆಂಡಿಗೆ ಬ್ಯಾಟು ಬೀಸುವವನಿಗೆ ಆ 50 ದೊಡ್ಡದು. ಇನ್ನೊಂದು ಕಾರಣ ಕಣ್ಣಿನದು. ಚೆಂಡು ಪರದೆಯ ಎಡದಿಂದ ಬಲಕ್ಕೆ ಎರಡು ಸೆಕೆಂಡಿನಲ್ಲಿ ಹೋದರೆ 1080ಪಿ ಲೆಕ್ಕದಲ್ಲಿ ಸೆಕೆಂಡಿಗೆ 960 ಚುಕ್ಕಿ. ಕಣ್ಣು ಅದನ್ನು ಹಿಂಬಾಲಿಸುತ್ತ ಸರಿಯುತ್ತಿರುತ್ತದೆ, ಆದರೆ ಟಿವಿ ಪ್ರತಿ ಫ್ರೇಮನ್ನೂ ಮುಂದಿನದು ಬರುವವರೆಗೆ ಕದಲದೆ ಹಿಡಿದಿರುತ್ತದೆ. 30 ಫ್ರೇಮಿನಲ್ಲಿ ಚೆಂಡು 32 ಚುಕ್ಕಿಯಷ್ಟು ಅಗಲಕ್ಕೆ ಬಳಿದಂತೆ ಕಾಣುತ್ತದೆ, 60ರಲ್ಲಿ 16. 4ಕೆ ಲೆಕ್ಕದಲ್ಲಿ 64 ಮತ್ತು 32. ಚಲಿಸುವ ಚಿತ್ರದಲ್ಲಿ 64 ಚುಕ್ಕಿ ಬಳಿದುಹೋಗುತ್ತಿರುವಾಗ 4ಕೆಯ ಒಂದೊಂದು ಚುಕ್ಕಿಗೆ ದುಡಿದದ್ದು ಯಾರಿಗೆ ಕಾಣಿಸಿತು? ನಿಂತ ಚಿತ್ರಕ್ಕೆ ರೆಸಲ್ಯೂಷನ್, ಓಡುವ ಚಿತ್ರಕ್ಕೆ ಫ್ರೇಮ್ ರೇಟ್. ಜಾಹೀರಾತಿನಲ್ಲಿ ಅಚ್ಚಾಗುವುದು ಯಾವಾಗಲೂ ನಿಂತ ಚಿತ್ರ, ಅದಕ್ಕೇ 4ಕೆಗೆ ಇಷ್ಟು ಮರ್ಯಾದೆ.

ಆ 4ಕೆ ಕೂಡ ಹೆಚ್ಚಿನ ಸಲ ಒಳಗಿನಿಂದ 4ಕೆ ಅಲ್ಲ. ಪಿಎಸ್4 ಪ್ರೊ ಕಾಲದಲ್ಲಿ ಚದುರಂಗದ ಹಾಸಿನಂತೆ ಒಂದು ಫ್ರೇಮಿನಲ್ಲಿ ಅರ್ಧ ಚುಕ್ಕಿ ಬರೆದು ಉಳಿದರ್ಧವನ್ನು ಹಿಂದಿನ ಫ್ರೇಮಿನಿಂದ ತುಂಬುತ್ತಿದ್ದರು. ಈಗ ಎಎಂಡಿಯ ಎಫ್‌ಎಸ್‌ಆರ್ 2, ಅನ್‌ರಿಯಲ್ ಎಂಜಿನ್ 5ರ ಟಿಎಸ್‌ಆರ್, ಪಿಎಸ್5 ಪ್ರೊನ ಪಿಎಸ್‌ಎಸ್‌ಆರ್ ಎಂಬ ತಂತ್ರಗಳು ಹಿಂದಿನ ಹಲವು ಫ್ರೇಮ್‌ಗಳಿಂದ ವಿವರ ಕೂಡಿಹಾಕಿ ದೊಡ್ಡ ಚಿತ್ರ ಕಟ್ಟುತ್ತವೆ. ಎಫ್‌ಎಸ್‌ಆರ್ 2ರ ಕ್ವಾಲಿಟಿ ಮಟ್ಟದಲ್ಲಿ 1440ಪಿಯಿಂದ 4ಕೆ, ಪರ್ಫಾರ್ಮೆನ್ಸ್ ಮಟ್ಟದಲ್ಲಿ 1080ಪಿಯಿಂದ 4ಕೆ. ಇದು ಮೋಸವಲ್ಲ, ಒಳ್ಳೆಯ ಉಪಾಯವೇ. 1440ಪಿಯಿಂದ ಎಬ್ಬಿಸಿದ ಚಿತ್ರ ಪಡಸಾಲೆಯ ದೂರದಿಂದ ಅಸಲಿಗೆ ಬಹಳ ಹತ್ತಿರ. ಕೆಡುವುದು ಆಧಾರ ಚಿತ್ರ ಬಹಳ ಸಣ್ಣದಾದಾಗ. 2023ರ ‘ಫೈನಲ್ ಫ್ಯಾಂಟಸಿ 16’ ಪರ್ಫಾರ್ಮೆನ್ಸ್ ಮೋಡಿನ ಕಾದಾಟಗಳಲ್ಲಿ 720ಪಿವರೆಗೂ ಇಳಿಯುತ್ತದೆ, 9.2 ಲಕ್ಷ ಚುಕ್ಕಿ, 4ಕೆಯ ಒಂಬತ್ತನೇ ಒಂದು ಭಾಗ. ಗುರುತು ಹಿಡಿಯಲು ಕೂದಲು, ಎಲೆ, ತಂತಿ ಬೇಲಿ ನೋಡಿ: ಅಂಚು ಮಿಣಿಮಿಣಿ ಎನ್ನುತ್ತದೆ. ವೇಗವಾಗಿ ಸರಿದ ಕತ್ತಿಯ ಹಿಂದೆ ಬಾಲದಂತೆ ನೆರಳಚ್ಚು ಉಳಿಯುತ್ತದೆ. ಕ್ಯಾಮೆರಾ ತಿರುಗಿಸಿ ನಿಲ್ಲಿಸಿದರೆ ಮೊದಲು ಮಸುಕು, ಕ್ಷಣದ ನಂತರ ಸ್ಪಷ್ಟ.

ಈಗ ನಮ್ಮ ಮನೆಗಳ ವಿಷಯ. ಸಾಮಾನ್ಯ ದೃಷ್ಟಿಯ ಕಣ್ಣು ಒಂದು ಡಿಗ್ರಿಯ ಅರವತ್ತನೇ ಒಂದು ಭಾಗದಷ್ಟು ಸೂಕ್ಷ್ಮವನ್ನು ಬೇರ್ಪಡಿಸಬಲ್ಲದು. 43 ಇಂಚಿನ ಟಿವಿಯ ಅಗಲ ಸುಮಾರು 95 ಸೆಂ.ಮೀ., 1080ಪಿಯ ಒಂದು ಚುಕ್ಕಿ ಅರ್ಧ ಮಿಲಿಮೀಟರ್. ಲೆಕ್ಕ ಹಾಕಿದರೆ 1.7 ಮೀಟರ್, ಐದೂವರೆ ಅಡಿಗಿಂತ ದೂರ ಕೂತವರಿಗೆ 1080ಪಿಯ ಚುಕ್ಕಿಗಳೇ ಬೇರೆಬೇರೆಯಾಗಿ ಕಾಣುವುದಿಲ್ಲ, 4ಕೆಯದು ದೂರವೇ ಉಳಿಯಿತು. 55 ಇಂಚಿಗೆ ಆ ಗಡಿ 2.2 ಮೀಟರ್, ಏಳು ಅಡಿ ಸುಮಾರು. ವಿದ್ಯಾನಗರ, ಸಪ್ತಾಪುರದ ಬಾಡಿಗೆ ಕೋಣೆಯಲ್ಲಿ ಮಂಚದ ಮೇಲೆ ಕೂತು 32 ಇಂಚಿನ ಟಿವಿಯಲ್ಲಿ ಆಡುವ ವಿದ್ಯಾರ್ಥಿಗೆ ಗಡಿ ನಾಲ್ಕು ಅಡಿ ಚಿಲ್ಲರೆ. ಅಂಚಿನ ಮಿಣುಕಾಟ ಈ ಗಡಿಯಾಚೆಯೂ ಕಾಣುತ್ತದೆ, ಆದ್ದರಿಂದ ಹೆಚ್ಚಿನ ರೆಸಲ್ಯೂಷನ್ ಪೂರ್ತಿ ವ್ಯರ್ಥವಲ್ಲ. ಆದರೆ ಎಂಟು ಅಡಿ ದೂರದ ಸೋಫಾದಿಂದ 43 ಇಂಚು ನೋಡುವ ಮನೆಯಲ್ಲಿ ಕ್ವಾಲಿಟಿ ಮೋಡ್ ಹಾಕಿ 30 ಫ್ರೇಮಿನಲ್ಲಿ ಆಡುವುದು, ಕಾಣದ ಸರಕಿಗೆ ಕಾಣುವ ಸರಕನ್ನು ಕೊಟ್ಟಂತೆ.

ಟಿವಿ ಕೊಳ್ಳುವಾಗಲೇ ಹೆಚ್ಚು ಜನ ಎಡವುವುದು. ‘ಮೋಷನ್ ರೇಟ್ 120’, ‘ಎಂಇಎಂಸಿ 120’ ಎಂದು ಬರೆದಿದ್ದರೆ ಪ್ಯಾನೆಲ್ 60 ಹರ್ಟ್ಸ್ ಇದ್ದೀತು; ಎರಡು ಚಿತ್ರದ ನಡುವೆ ಟಿವಿಯೇ ಊಹಿಸಿ ಮಾಡಿದ ಚಿತ್ರ ತುರುಕುವುದಕ್ಕೆ ಆ ಹೆಸರು. ಅದು ಗುಂಡಿ ಮತ್ತು ಪರದೆಯ ನಡುವಿನ ವಿಳಂಬವನ್ನು ಹೆಚ್ಚಿಸುತ್ತದೆ, ಆಟಕ್ಕೆ ಅದನ್ನು ಆರಿಸಿಬಿಡಬೇಕು. ‘ಎಚ್‌ಡಿಎಂಐ 2.1’ (ಕನ್ಸೋಲಿನಿಂದ ಟಿವಿಗೆ ಚಿತ್ರ ಒಯ್ಯುವ ಜೋಡಣೆಯ ಮಾದರಿ) ಎಂಬ ಬರಹವೂ ಸಾಲದು. 2.1ರ ಸೌಲಭ್ಯಗಳೆಲ್ಲ ಐಚ್ಛಿಕ, 4ಕೆ 120 ಇಲ್ಲದ ಟಿವಿಗೂ ಆ ಚೀಟಿ ಅಂಟಿಸಲು ನಿಯಮ ಅಡ್ಡಬರುವುದಿಲ್ಲ. ‘4ಕೆ 120 ಹರ್ಟ್ಸ್ ಇನ್‌ಪುಟ್’ ಎಂದೇ ಬರೆದಿರಬೇಕು, ಅದೂ ಯಾವ ಪೋರ್ಟಿನಲ್ಲಿ ಎಂಬುದು ಸಹಿತ. ನಾಲ್ಕು ಪೋರ್ಟಿದ್ದರೂ ಎರಡರಲ್ಲಿ ಮಾತ್ರ ಇರುವುದು ಸಾಮಾನ್ಯ. ಹಳೆಯ ಎಚ್‌ಡಿಎಂಐ 2.0 ಸೆಕೆಂಡಿಗೆ 18 ಗಿಗಾಬಿಟ್ ಒಯ್ಯುತ್ತದೆ, 4ಕೆ 60ಕ್ಕೆ ಸಾಕು. ಅದರಲ್ಲೇ 1080ಪಿ 120 ಕೂಡ ಹೋಗುತ್ತದೆ, ಆದ್ದರಿಂದ ಅಗ್ಗದ 24 ಇಂಚಿನ 144 ಹರ್ಟ್ಸ್ ಮಾನಿಟರ್ ಕೂಡ ಶೂಟಿಂಗ್ ಆಟಗಳಿಗೆ ಒಳ್ಳೆಯ ಜೋಡಿ.

ಹಚ್ಚುವ ಕ್ರಮ ಹೀಗೆ. ಪಿಎಸ್5 ಡಬ್ಬಿಯೊಳಗೆ ಬರುವ ಎಚ್‌ಡಿಎಂಐ ಕೇಬಲ್ಲನ್ನೇ ಬಳಸಿ, ಅದು 48 ಗಿಗಾಬಿಟ್ ದರ್ಜೆಯದು. ಗೋಡೆಯೊಳಗೆ ಹಾಯಿಸಿದ ಹಳೆಯ ಹತ್ತು ಮೀಟರ್ ಕೇಬಲ್ಲಿಗೆ ಸಿಕ್ಕಿಸಿದರೆ ಪರದೆಯಲ್ಲಿ ಬಿಳಿ ಚುಕ್ಕಿ ಮಿನುಗುವುದು, ನಡುನಡುವೆ ಕಪ್ಪಾಗುವುದು ಶುರುವಾಗುತ್ತದೆ. ಜನ ಕನ್ಸೋಲ್ ಕೆಟ್ಟಿದೆಯೆಂದು ರಿಪೇರಿಗೆ ಒಯ್ಯುತ್ತಾರೆ. ಟಿವಿಯಲ್ಲಿ ಆ ಪೋರ್ಟಿಗೆ ಪೂರ್ಣ ಸಿಗ್ನಲ್ ತೆರೆಯುವ ಆಯ್ಕೆಯನ್ನು ಕೈಯಾರೆ ಹಾಕಬೇಕಾಗಬಹುದು. ಸ್ಯಾಮ್‌ಸಂಗ್‌ನಲ್ಲಿ ಅದರ ಹೆಸರು ‘ಇನ್‌ಪುಟ್ ಸಿಗ್ನಲ್ ಪ್ಲಸ್’, ಎಲ್‌ಜಿಯಲ್ಲಿ ‘ಡೀಪ್ ಕಲರ್’. ಬಳಿಕ ಗೇಮ್ ಮೋಡ್. ಇದನ್ನು ಹಾಕದ ಟಿವಿಯಲ್ಲಿ ವಿಳಂಬ 100 ಮಿಲಿಸೆಕೆಂಡ್ ದಾಟಬಹುದು, ಹಾಕಿದರೆ ಹತ್ತಿಪ್ಪತ್ತರ ಆಸುಪಾಸು. ಅಂದರೆ 30ರಿಂದ 60 ಫ್ರೇಮಿಗೆ ಹೋಗಿ ಗಳಿಸಿದ್ದಕ್ಕಿಂತ ಹೆಚ್ಚು ಈ ಒಂದೇ ಗುಂಡಿಯಿಂದ ಸಿಗುತ್ತದೆ, ಪುಕ್ಕಟೆಯಾಗಿ.

ನಂತರ ಪಿಎಸ್5 ಸೆಟ್ಟಿಂಗ್ಸ್‌ನಲ್ಲಿ ‘ಸ್ಕ್ರೀನ್ ಅಂಡ್ ವಿಡಿಯೊ’, ಅದರೊಳಗೆ ‘ವಿಡಿಯೊ ಔಟ್‌ಪುಟ್’. 120 ಹರ್ಟ್ಸ್ ಮತ್ತು ವಿಆರ್‌ಆರ್ ‘ಆಟೊಮ್ಯಾಟಿಕ್’ ಇರಲಿ. ಅಲ್ಲೇ ಇರುವ ‘ವಿಡಿಯೊ ಔಟ್‌ಪುಟ್ ಇನ್ಫರ್ಮೇಷನ್’ ತೆರೆದರೆ ಟಿವಿಗೆ ನಿಜಕ್ಕೂ ಹೋಗುತ್ತಿರುವುದು ಏನೆಂಬುದು ಬರೆದಿರುತ್ತದೆ. ಎಚ್‌ಡಿಆರ್ (ಹೊಳಪು-ಬಣ್ಣದ ವ್ಯಾಪ್ತಿ ಹೆಚ್ಚಿಸುವ ಸೌಲಭ್ಯ) ಹಾಕಿದಾಗ 60 ಹರ್ಟ್ಸ್ ಟಿವಿಯಲ್ಲಿ ಬಣ್ಣದ ಮಾದರಿ ಆರ್‌ಜಿಬಿಯಿಂದ ವೈಯುವಿ 422ಕ್ಕೆ ಇಳಿದಿದ್ದರೆ ಗಾಬರಿ ಬೇಡ, 18 ಗಿಗಾಬಿಟ್ಟಿನ ಕೊಳವೆಯಲ್ಲಿ ಅಷ್ಟೇ ಹಿಡಿಸುತ್ತದೆ. ಎಕ್ಸ್‌ಬಾಕ್ಸ್‌ನಲ್ಲಿ ‘ಜನರಲ್’ ಕೆಳಗಿನ ‘ಟಿವಿ ಅಂಡ್ ಡಿಸ್‌ಪ್ಲೇ ಆಪ್ಷನ್ಸ್’ ಪುಟದಲ್ಲಿ ಇದೆಲ್ಲ ಇದೆ. ಕೊನೆಗೆ ಪಿಎಸ್5ನ ‘ಸೇವ್ಡ್ ಡೇಟಾ ಅಂಡ್ ಗೇಮ್/ಆ್ಯಪ್ ಸೆಟ್ಟಿಂಗ್ಸ್’ ಪುಟದ ‘ಗೇಮ್ ಪ್ರಿಸೆಟ್ಸ್’ನಲ್ಲಿ ‘ಪರ್ಫಾರ್ಮೆನ್ಸ್ ಮೋಡ್’ ಆಯ್ದುಕೊಂಡರೆ ಇದಕ್ಕೆ ಸ್ಪಂದಿಸುವ ಆಟಗಳೆಲ್ಲ ಅದರಲ್ಲೇ ತೆರೆಯುತ್ತವೆ. ಕೆಲವು ಆಟಗಳು ಇದನ್ನು ಲೆಕ್ಕಿಸುವುದಿಲ್ಲ, ಅವುಗಳ ಮೆನುವಿನಲ್ಲೇ ಬದಲಿಸಬೇಕು.

ಬೇಸಿಗೆಯ ಬಗ್ಗೆ ಒಂದು ತಪ್ಪು ನಂಬಿಕೆ ಓಡಾಡುತ್ತಿದೆ: ಬಿಸಿಲಿಗೆ ಪಿಎಸ್5ನ ಫ್ರೇಮ್ ಇಳಿಯುತ್ತವೆ ಎಂದು. ಲ್ಯಾಪ್‌ಟಾಪಿಗೆ ಅದು ನಿಜ. ಪಿಎಸ್5 ತನ್ನ ವೇಗವನ್ನು ಕೋಣೆಯ ಉಷ್ಣತೆ ನೋಡಿ ಬದಲಿಸುವುದಿಲ್ಲ, ಆಟದ ಹೊರೆ ನೋಡಿ ಬದಲಿಸುತ್ತದೆ. ಬೆಂಗಳೂರಿನ ಡಿಸೆಂಬರಿನಲ್ಲೂ ಗದಗಿನ ಮೇ ತಿಂಗಳಲ್ಲೂ ಫ್ರೇಮ್ ಒಂದೇ. ಮಿತಿ ಮೀರಿದರೆ ಬಿಸಿಯಾಗಿದೆ ಎಂಬ ಎಚ್ಚರಿಕೆ ತೋರಿಸಿ ಆರಿಹೋಗುತ್ತದೆ, ಅಷ್ಟೆ. ಕಂಪನಿ ಹೇಳುವ ಮಿತಿ 35 ಡಿಗ್ರಿ. ನಮ್ಮಲ್ಲಿ ಏಪ್ರಿಲ್ ಮಧ್ಯಾಹ್ನ ಅದು ಕೋಣೆಯೊಳಗೇ ಇರುತ್ತದೆ. ಆದ್ದರಿಂದ ಗಾಜಿನ ಬಾಗಿಲಿನ ಶೋಕೇಸಿನೊಳಗೆ ಇಡಬೇಡಿ, ಹಿಂದೆ ಒಂದು ಗೇಣು ಜಾಗ ಬಿಡಿ. ಪಕ್ಕದ ಹೊದಿಕೆ ತೆಗೆದರೆ ಧೂಳು ಕೂಡುವ ಕಿಂಡಿಗಳು ಕಾಣುತ್ತವೆ, ಎರಡು ಮೂರು ತಿಂಗಳಿಗೊಮ್ಮೆ ವ್ಯಾಕ್ಯೂಮ್ ಹಿಡಿಯಿರಿ. ನಮ್ಮ ಊರಿನ ರಸ್ತೆ ಕಾಮಗಾರಿಗಳ ಪಕ್ಕದ ಮನೆಯವರು ತಿಂಗಳಿಗೊಮ್ಮೆ.

ಮೋಡ್ ಆಯ್ಕೆಗೆ ನಮ್ಮ ಅಭಿಪ್ರಾಯ ನೇರ. ಕ್ರಿಕೆಟ್, ಫುಟ್‌ಬಾಲ್, ರೇಸ್, ಗುಂಡು ಹಾರಿಸುವ ಆಟ: ಕಣ್ಣುಮುಚ್ಚಿ 60, ಟಿವಿ ಅನುಮತಿಸಿದರೆ 120. ಕಥೆಯ ಆಟ, ಅಲೆದಾಡುವ ಆಟ: 120 ಹರ್ಟ್ಸ್ ಟಿವಿಯಿದ್ದು 40ರ ಮೋಡ್ ಇದ್ದರೆ ಅದು, ಇಲ್ಲದಿದ್ದರೆ 60. ಕ್ವಾಲಿಟಿಯ 30ನ್ನು ಹಾಕಬೇಕಾದದ್ದು ಎರಡೇ ಸಂದರ್ಭದಲ್ಲಿ: ಪರ್ಫಾರ್ಮೆನ್ಸ್ ಮೋಡಿನ ಚಿತ್ರ ಮಿಣಿಮಿಣಿ ಎನ್ನುವಷ್ಟು ಕೆಳಗಿಳಿದಿದ್ದಾಗ, ಅಥವಾ ಅದರ 60 ನಿಲ್ಲದೆ ಕುಂಟುತ್ತಿರುವಾಗ.

ಪತ್ರಿಕೆಯಲ್ಲಿ ಕೇಳಿಕೊಳ್ಳುವುದು ಇಷ್ಟು. ಹೊಸ ಆಟ, ಹೊಸ ಕನ್ಸೋಲಿನ ಬಗ್ಗೆ ಬರೆಯುವಾಗ ಮೂರು ಸಂಗತಿಗಳನ್ನು ಒಟ್ಟಿಗೆ ಅಚ್ಚು ಮಾಡಿ: ಯಾವ ಮೋಡಿನಲ್ಲಿ ಒಳಗಿನ ರೆಸಲ್ಯೂಷನ್ ಎಷ್ಟು, ಫ್ರೇಮ್ ಎಷ್ಟು, ಯಾವ ಎಫೆಕ್ಟ್ ತೆಗೆದಿದ್ದಾರೆ. ‘4ಕೆ ಬೆಂಬಲವಿದೆ’ ಎಂಬ ವಾಕ್ಯದಿಂದ ಓದುಗನಿಗೆ ಏನೂ ತಿಳಿಯುವುದಿಲ್ಲ. ಓದುಗರು ಅಂಗಡಿಯಲ್ಲಿ ಟಿವಿಗೆ ದುಡ್ಡು ಎಣಿಸುವ ಮೊದಲು ಇಷ್ಟು ಕೇಳಲಿ: “ಅಣ್ಣಾರ, ಪ್ಯಾನೆಲ್ 60 ಹರ್ಟ್ಸೋ, 120ಓ? ಯಾವ ಪೋರ್ಟಿನ್ಯಾಗ ಬರ್ತೈತಿ? ಒಂದು ಕನ್ಸೋಲ್ ಹಚ್ಚಿ ವಿಡಿಯೊ ಔಟ್‌ಪುಟ್ ಪುಟ ತೆಗದು ತೋರಸ್ರಿ.”

ಇತಿ,
ಗೇಮ್ ಕನ್ಸೋಲ್ ಮತ್ತು ಟಿವಿ ಜೋಡಣೆ ಬಲ್ಲ ಕೆಲವು ಓದುಗರು,
ಹುಬ್ಬಳ್ಳಿ–ಧಾರವಾಡ